ಬಾಂಗ್ ರಾಕ್ ಕಚೇರಿಯ ಕುರ್ಚಿ

ನನ್ನ ಅಣ್ಣನ ಮಗಳ ಮದುವೆಗೆಂದು ನಾವು ಥಾಯ್ಲೆಂಡಿಗೆ ಹೋದೆವು. ಬ್ಯಾಂಕಾಕಿನಲ್ಲಿ ಕೆಲಸದಲ್ಲಿರುವ ಅವಳು ಅಲ್ಲಿಯದೇ ಹುಡುಗನನ್ನು ಒಪ್ಪಿದ್ದಳು. ಫುಕೆಟ್‌ನ ಕಡಲ ದಂಡೆಯಲ್ಲಿ ಧಾರೆಯೆಂದು ನಿಶ್ಚಯವಾಗಿತ್ತಾದರೂ, ಆ ದೇಶದ ಸಿವಿಲ್ ಮತ್ತು ವಾಣಿಜ್ಯ ಸಂಹಿತೆಯ 1457ನೆಯ ಕಲಮಿನ ಪ್ರಕಾರ ನೋಂದಣಿಯಾಗದೆ ಮದುವೆ ಊರ್ಜಿತವಾಗುವುದಿಲ್ಲ. ದಂಡೆಯ ಮೇಲೆ ಎಷ್ಟು ಮಂತ್ರ ಹೇಳಿಸಿದರೂ ಜಿಲ್ಲಾ ಕಚೇರಿಗೆ ಹೋಗಿ ರುಜು ಹಾಕಲೇಬೇಕು.

ಹುಡುಗನಿಗೆ ಗುರುತಿನ ಚೀಟಿಯೂ ಮನೆಯ ನೋಂದಣಿ ಪುಸ್ತಕವೂ ಸಾಕಾದವು. ನಮ್ಮವಳು ಮಾತ್ರ ಸುಖುಮ್ವಿತ್‌ನ ಭಾರತೀಯ ರಾಯಭಾರ ಕಚೇರಿಯಿಂದ ಅವಿವಾಹಿತೆಯೆಂಬ ಪತ್ರ ಪಡೆದು, ಅದನ್ನೂ ಪಾಸ್‌ಪೋರ್ಟನ್ನೂ ಥಾಯ್ ಭಾಷೆಗೆ ಅನುವಾದ ಮಾಡಿಸಿ, ಚೇಂಗ್ ವತ್ತನ ರಸ್ತೆಯಲ್ಲಿರುವ ವಿದೇಶಾಂಗ ಇಲಾಖೆಯ ಮುದ್ರೆ ಹಾಕಿಸಬೇಕಿತ್ತು. ಅವಳ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿರಬೇಕಾದ ಜಾಗದಲ್ಲಿ ತಂದೆಯ ಹೆಸರಿದೆ. ಅನುವಾದಕರು ಆ ಹೆಸರನ್ನು ಒಂದು ಕಾಗದದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಬರೆದಿದ್ದರಿಂದ ಶುಕ್ರವಾರ ಮಧ್ಯಾಹ್ನ ಎರಡೂ ಹಿಂದಕ್ಕೆ ಬಂದವು. ಸೋಮವಾರದವರೆಗೆ ಕಾದ ಆ ಬೇಸರ ನನಗಿನ್ನೂ ಹೋಗಿಲ್ಲ. ಹೆಸರಿನ ಥಾಯ್ ಬರಹವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು, ಎಲ್ಲ ಕಾಗದಗಳಲ್ಲೂ ಅದೇ ಇದೆಯೇ ಎಂದು ಅಕ್ಷರಕ್ಕಕ್ಷರ ಹೋಲಿಸಿ ನೋಡದೆ ಯಾರೂ ಅನುವಾದಕ್ಕೆ ಹಣ ಕೊಡಬಾರದು.

ನೋಂದಣಿಗೆ ಬಾಂಗ್ ರಾಕ್ ಜಿಲ್ಲಾ ಕಚೇರಿಯನ್ನು ಆರಿಸಿದ್ದರು. ‘ರಾಕ್’ ಎಂದರೆ ಥಾಯ್ ಭಾಷೆಯಲ್ಲಿ ಪ್ರೀತಿ; ಆ ಹೆಸರಿಗಾಗಿಯೇ ಫೆಬ್ರುವರಿ 14ರಂದು ಅಲ್ಲಿ ಜೋಡಿಗಳು ಸಾಲುಗಟ್ಟುತ್ತವೆ. ನಾವು ಹೋದ ಬುಧವಾರ ಜನ ಕಡಿಮೆಯಿದ್ದರು.

ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಅತ್ತಿಗೆ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವರಲ್ಲ. ಅಲ್ಲಿಯೂ ಬಾಗಿಲ ಬಳಿಯ ಕೊನೆಯ ಕುರ್ಚಿಯಲ್ಲಿ ಕುಳಿತರು. ನೋಂದಣಾಧಿಕಾರಿಯಾಗಿದ್ದ ಹೆಂಗಸು ಅವರು ಯಾರೆಂದು ವಿಚಾರಿಸಿ, ವಧುವಿನ ತಾಯಿಯೆಂದು ತಿಳಿದೊಡನೆ, ಮಗಳ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದರು.

“ನಾನೇನು ಮಾಡಬೇಕಂತೆ?” ಎಂದು ಅತ್ತಿಗೆ ಗಾಬರಿಯಿಂದ ಕೇಳಿದರು.

ದುಭಾಷಿ ವಿಚಾರಿಸಿ, “ಏನೂ ಇಲ್ಲ, ಮಗಳು ಹೇಳುವುದನ್ನು ಹತ್ತಿರದಿಂದ ಕೇಳಲಿ ಎಂದರು” ಎಂದು ತಿಳಿಸಿದರು.

ಅತ್ತಿಗೆ ನನ್ನ ಕಡೆ ತಿರುಗಿದರು. “ನೀನೇ ಹೇಳು, ನಾನು ಮುಂದೆ ಕೂತರೆ ಆಗುತ್ತದೆಯೇ?”

“ಕೂತುಕೊಳ್ಳಿ ಅತ್ತಿಗೆ, ನಿಮ್ಮ ಮಗಳಲ್ಲವೇ” ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತಲ್ಲ ಎಂದು ಸಂಕಟವಾಯಿತು.

ನೋಂದಣಾಧಿಕಾರಿಯ ಎದುರು ಎಲ್ಲರಿಗೂ ಕೇಳುವಂತೆ ಒಪ್ಪಿಗೆ ಹೇಳಬೇಕೆಂಬುದೂ ಅಲ್ಲಿಯ ಕಾನೂನೇ. ಸ್ವಇಚ್ಛೆಯಿಂದ ಬಂದಿದ್ದೀರಾ, ಆಸ್ತಿಯ ಕುರಿತು ಒಪ್ಪಂದವೇನಾದರೂ ಇದೆಯೇ ಎಂದು ಕೇಳಿದರು. ಅಂಥ ಒಪ್ಪಂದವನ್ನು ನೋಂದಣಿಯ ಹೊತ್ತಿನಲ್ಲೇ ದಾಖಲಿಸದಿದ್ದರೆ ಅದಕ್ಕೆ ಬೆಲೆಯಿಲ್ಲವಂತೆ. ನಮ್ಮವಳು ಥಾಯ್ ಭಾಷೆಯಲ್ಲಿ ಒಪ್ಪಿಗೆಯನ್ನು ಹೇಳಿ, ತಾಯಿಯ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ಇಬ್ಬರು ಸಾಕ್ಷಿಗಳು ರುಜು ಹಾಕಿದರು. ಬಣ್ಣದ ಅಂಚಿನ ಪ್ರಮಾಣಪತ್ರದ ಎರಡು ಪ್ರತಿಗಳು ಬಂದವು, ಗಂಡನಿಗೊಂದು, ಹೆಂಡತಿಗೊಂದು. ಭಾರತದ 1969ರ ವಿದೇಶಿ ವಿವಾಹ ಕಾಯ್ದೆಯ 17ನೆಯ ಕಲಮಿನಡಿ ಇಂಥ ಮದುವೆಯನ್ನು ನಮ್ಮ ವಿವಾಹಾಧಿಕಾರಿಯ ಬಳಿಯೂ ನೋಂದಾಯಿಸಲು ಅವಕಾಶವಿದೆ.

ಫುಕೆಟ್‌ನ ನಾಲ್ಕು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಡಲು ಚೆಂದ, ಪ್ಲಾಸ್ಟಿಕ್ ಹೂವಿನ ಕಮಾನು ನನಗೆ ಸೇರಲಿಲ್ಲ. ಧಾರೆ ಎರೆಯಬೇಕಾಗಿದ್ದವರು ನಾನೂ ನನ್ನ ಯಜಮಾನರೂ. ಪುರೋಹಿತರು ನೀರಿನ ಗಿಂಡಿಯನ್ನು ನನ್ನತ್ತ ಚಾಚಿದಾಗ ಅತ್ತಿಗೆ ಯಾರೂ ಕರೆಯದೆಯೇ ಎದ್ದು ಬಂದು ಮಗಳ ಪಕ್ಕದಲ್ಲಿ ನಿಂತರು. ನಾನು ಗಿಂಡಿಯನ್ನು ಅವರ ಕೈಗೆ ಕೊಟ್ಟೆ.