ಪಾಳಿ ಬಿಡಿಸುವ ಆದೇಶ, ತಪ್ಪಿಗೆ ತಕ್ಕ ಶಿಕ್ಷೆ: ರೇಸಿನಿಂದ ಟಿಪ್ಪರ್ ಯಾರ್ಡಿಗೆ

ಸಂಡೂರು ಕಡೆಯ ಗಣಿಗಳಿಂದ ತೋರಣಗಲ್ಲಿನತ್ತ ಅದಿರು ಹೊಡೆಯುವ ಟಿಪ್ಪರ್‌ಗಳ ಸೂಪರ್‌ವೈಸರ್ ಕೆಲಸದಲ್ಲಿ ಅರ್ಧ ದಿನ ಗಾಡಿಗಳ ಪಾಳಿ, ಅಂದರೆ ಸರದಿ ಸಾಲು, ನೋಡಿಕೊಳ್ಳುವುದರಲ್ಲೇ ಹೋಗುತ್ತದೆ. ಅದಿರು ತುಂಬುವ ಹಿಟಾಚಿ ಯಂತ್ರದ ಮುಂದೆ ಪಾಳಿ, ತೂಕದ ಕಾಟಾದ ಮುಂದೆ ಪಾಳಿ, ತಾಡಪತ್ರಿ ಕಟ್ಟುವಲ್ಲಿ ಪಾಳಿ, ಇಳಿಸುವಲ್ಲಿ ಮತ್ತೆ ಪಾಳಿ. ಇದರ ನಡುವೆ ವಾಕಿಟಾಕಿಯಲ್ಲಿ "ಆ ಗಾಡಿ ಮುಂದಕ್ಕೆ ಬಿಡಣ್ಣಾ" ಅಂತ ಒಂದು ಮಾತು ಬಂದರೆ ಸಾಕು, ಹಿಂದೆ ನಿಂತ ಎಲ್ಲರ ಮನಸ್ಸು ಕೆಡುತ್ತದೆ. ಫಾರ್ಮುಲಾ ಒನ್ ರೇಸಿನಲ್ಲಿ ಇಂಥ ಮಾತಿಗೆ ಟೀಮ್ ಆರ್ಡರ್ ಎನ್ನುತ್ತಾರೆ. ಒಂದೇ ತಂಡದ ಎರಡು ಕಾರುಗಳಲ್ಲಿ ಯಾವುದು ಮುಂದಿರಬೇಕು ಎಂದು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ಟೈರ್ ಬದಲಿಸುವ ಜಾಗ) ಕುಳಿತವರು ರೇಡಿಯೊದಲ್ಲಿ ಹೇಳುವುದು. ಅಲ್ಲಿನವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ವಿಷಯದಲ್ಲಿ ಬಡಿದಾಡಿದ್ದಾರೆ, ನಿಯಮ ಮಾಡಿದ್ದಾರೆ, ಮಾಡಿದ್ದನ್ನು ಕಿತ್ತೂ ಹಾಕಿದ್ದಾರೆ. ಯಾರ್ಡ್ ನಡೆಸುವವರಿಗೆ ಅದರಲ್ಲಿ ಕಲಿಯುವುದು ಬಹಳ ಇದೆ.

ಮೊದಲು ನಿಷೇಧದ ಕಥೆ. 2002ರ ಮೇ 12ರಂದು ಆಸ್ಟ್ರಿಯಾದಲ್ಲಿ ಫೆರಾರಿಯ ರೂಬೆನ್ಸ್ ಬ್ಯಾರಿಕೆಲೊ ಮುಂದಿದ್ದರು. ತಂಡದ ಮಾತಿಗೆ ಕಟ್ಟುಬಿದ್ದು ಕೊನೆಯ ಸುತ್ತಿನ ಕೊನೆಯಲ್ಲಿ ವೇಗ ಇಳಿಸಿ ಮೈಕೆಲ್ ಶುಮಾಕರ್‌ಗೆ ಗೆಲುವು ಬಿಟ್ಟುಕೊಟ್ಟರು. ಅಂತರ 0.182 ಸೆಕೆಂಡ್. ನೋಡಲು ಬಂದ ಜನ ಸಿಟ್ಟಿಗೆದ್ದು ಕೂಗಾಡಿದರು. ಫೆರಾರಿಗೆ 10 ಲಕ್ಷ ಡಾಲರ್ ದಂಡ ಬಿತ್ತು, ಅದರಲ್ಲಿ ಅರ್ಧವನ್ನು ಅಮಾನತಿನಲ್ಲಿಟ್ಟರು. ಆದರೆ ಆ ದಂಡ ದಾರಿ ಬಿಡಿಸಿದ್ದಕ್ಕಲ್ಲ. ಬಹುಮಾನದ ವೇದಿಕೆಯಲ್ಲಿ ಶುಮಾಕರ್ ತಮ್ಮ ಮೊದಲ ಸ್ಥಾನಕ್ಕೆ ಬ್ಯಾರಿಕೆಲೊ ಅವರನ್ನು ಹತ್ತಿಸಿ ಶಿಷ್ಟಾಚಾರ ಮುರಿದದ್ದಕ್ಕೆ. ದಾರಿ ಬಿಡಿಸಬಾರದು ಎಂಬ ನಿಯಮವೇ ಆಗ ಇರಲಿಲ್ಲ. ಅದು ಬಂದದ್ದು 2003ರ ಸೀಸನ್‌ನಿಂದ.

ನಿಯಮ ಬಂದ ಮೇಲೆ ಆದೇಶ ನಿಲ್ಲಲಿಲ್ಲ, ಮಾತಿನ ವೇಷ ಬದಲಾಯಿತು. 2010ರ ಜುಲೈ 25ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಮುಂದಿದ್ದ ಫೆರಾರಿಯ ಫಿಲಿಪೆ ಮಾಸಾಗೆ ಅವರ ಎಂಜಿನಿಯರ್ ರೇಡಿಯೊದಲ್ಲಿ ಹೇಳಿದ್ದು ಇಷ್ಟೇ: ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ, ಈ ಮಾತು ತಿಳಿಯಿತು ಅಂತ ಖಾತ್ರಿಪಡಿಸು. ದಾರಿ ಬಿಡು ಎಂಬ ಶಬ್ದ ಅದರಲ್ಲಿಲ್ಲ. ಮಾಸಾ ದಾರಿ ಬಿಟ್ಟರು, ಅದೇ ತಂಡದ ಫರ್ನಾಂಡೊ ಅಲೊನ್ಸೊ ಗೆದ್ದರು. ತಂಡಕ್ಕೆ 1 ಲಕ್ಷ ಡಾಲರ್ ದಂಡ ಬಿತ್ತು, ಗೆಲುವಿನ 25 ಅಂಕ ಹಾಗೇ ಉಳಿಯಿತು. 2011ರಿಂದ ಆ ನಿಷೇಧವನ್ನೇ ತೆಗೆದುಹಾಕಿದರು.

ಯಾರ್ಡಿನಲ್ಲೂ ಇದೇ ಆಗುತ್ತದೆ. "ಯಾವ ಕಾರಣಕ್ಕೂ ಪಾಳಿ ತಪ್ಪಿಸುವಂತಿಲ್ಲ" ಎಂದು ಬೋರ್ಡ್ ಹಾಕಿದ ಮರುದಿನದಿಂದ ಆದೇಶ ವಾಕಿಟಾಕಿ ಬಿಟ್ಟು ಮೊಬೈಲಿಗೆ ಹೋಗುತ್ತದೆ. ಮುಂದಿನ ಗಾಡಿಯವನಿಗೆ "ಟೈರ್ ಗಾಳಿ ಒಂದ್ಸಲ ನೋಡ್ಕೊಂಡು ಬಾ" ಎಂಬ ಫೋನ್ ಬರುತ್ತದೆ. ಅವನು ಪಕ್ಕಕ್ಕೆ ಹಾಕಿದ ಹೊತ್ತಿಗೆ ಬೇಕಾದ ಗಾಡಿ ಒಳಗೆ ಹೋಗಿರುತ್ತದೆ. ಪಾಳಿ ತಪ್ಪಿಸಲು ನಿಜವಾದ ಕಾರಣಗಳೂ ಇರುತ್ತವೆ. ಪರ್ಮಿಟ್ ಅವಧಿ ಮುಗಿಯುತ್ತಿರುತ್ತದೆ. ಇಳಿಸುವ ಕಡೆ ಇಂಥದೇ ಗ್ರೇಡಿನ ಅದಿರು ಈಗಲೇ ಬೇಕಿರುತ್ತದೆ. ಒಂದು ಗಾಡಿ ಹಗಲಲ್ಲೇ ವರ್ಕ್‌ಶಾಪ್ ಸೇರಬೇಕಿರುತ್ತದೆ. ಇವನ್ನೆಲ್ಲ ನಿಷೇಧದ ಕೆಳಗೆ ತಳ್ಳಿದರೆ ಒಳ್ಳೆಯ ಕಾರಣವೂ ಕಳ್ಳ ಕಾರಣದ ಜೊತೆ ಒಂದೇ ಚೀಲಕ್ಕೆ ಬೀಳುತ್ತದೆ. ಆದೇಶಕ್ಕೆ ಅವಕಾಶ ಕೊಡಿ, ಆದರೆ ಎಲ್ಲರೂ ಕೇಳುವ ಚಾನೆಲ್‌ನಲ್ಲೇ ಕೊಡಿಸಿ. ಮೊಬೈಲಿನಲ್ಲಿ ಬಂದ ಆದೇಶಕ್ಕೆ ಡ್ರೈವರ್ ಜವಾಬು ಕೊಡಬೇಕಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ.

ಆದೇಶದಲ್ಲಿ ನಾಲ್ಕು ಸಂಗತಿ ಇರಬೇಕು: ಯಾವ ಗಾಡಿ, ಎಲ್ಲಿಂದ ಎಲ್ಲಿಗೆ, ಯಾಕೆ, ಹೇಳುತ್ತಿರುವವರು ಯಾರು. ಉದಾಹರಣೆಗೆ: "4417 ಗಾಡಿ, ಹತ್ತರಿಂದ ಎರಡಕ್ಕೆ. ಪರ್ಮಿಟ್ 11.40ಕ್ಕೆ ಮುಗಿತೈತೆ. ಯಾರ್ಡ್ ಸೂಪರ್‌ವೈಸರ್ ಹೇಳ್ತಿರೋದು. ಎರಡನೇ ಗಾಡಿ ಅಣ್ಣಾ, ಕೇಳಿಸ್ತಾ?" ಅವನು ಗಾಡಿ ನಂಬರ್ ತಿರುಗಿ ಹೇಳಿದ ಮೇಲೆಯೇ 4417 ಅಲುಗಬೇಕು. ಒಂದನೇ ಜಾಗಕ್ಕೆ ಕಳಿಸದೆ ಎರಡಕ್ಕೆ ಕಳಿಸುವುದಕ್ಕೆ ಕಾರಣವಿದೆ. ಮೊದಲ ಗಾಡಿ ಆಗಲೇ ಹಿಟಾಚಿ ಕೆಳಗೆ ಇರುತ್ತದೆ, ಬಕೆಟ್ ಕ್ಯಾಬಿನ್ ಹತ್ತಿರ ತಿರುಗುತ್ತಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಅಲುಗಿಸಿದರೆ ಕ್ಯಾಬಿನ್ ಮೇಲೆ ಬಕೆಟ್ ಬಡಿಯುತ್ತದೆ, ಇಲ್ಲವೇ ಕಲ್ಲು ಉರುಳುತ್ತದೆ. ಡ್ರೈವರ್‌ಗಳಲ್ಲಿ ತೆಲುಗಿನವರು, ಹಿಂದಿಯವರು ಇದ್ದರೆ ನಂಬರು ಮತ್ತು ಜಾಗವನ್ನು ಅವರ ಭಾಷೆಯಲ್ಲೂ ಒಂದು ಸಲ ಹೇಳಬೇಕು. ಅರ್ಥವಾಗದವನು ಮುಂದಿನವನನ್ನು ನೋಡಿ ತಾನೂ ಹೊರಡುತ್ತಾನೆ.

ಇನ್ನು ಲೆಕ್ಕ. ಒಂದು ಗಾಡಿ ತುಂಬಲು 7 ನಿಮಿಷ ಎಂದು ಇಟ್ಟುಕೊಳ್ಳಿ. ಹತ್ತರಿಂದ ಎರಡಕ್ಕೆ ಹೋದ ಗಾಡಿ 56 ನಿಮಿಷ ಗಳಿಸಿತು, ನಡುವಿನ ಎಂಟು ಗಾಡಿ ತಲಾ 7 ನಿಮಿಷ ಕಳಕೊಂಡವು. ಕಾಗದದ ಮೇಲೆ ಸರಿಸಮ. ನೆಲದ ಮೇಲೆ ಹಾಗಲ್ಲ. ಏಳು ಮಂದಿಗೆ ಆ 7 ನಿಮಿಷ ಬರೀ ಒಂದು ಬೀಡಿ ಸೇದುವ ಹೊತ್ತು. ಎಂಟನೆಯವನಿಗೆ ಗೇಟ್ ಮುಚ್ಚುವ ಸಮಯ ದಾಟಿ ಒಂದು ಇಡೀ ಟ್ರಿಪ್ಪೂ ಅದರ ಬಾಟಾವೂ (ಟ್ರಿಪ್ಪಿಗೆ ಸಿಗುವ ಭತ್ಯೆ) ಹೋಗಬಹುದು. ಶಿಫ್ಟಿನ ಕೊನೆಯ ಒಂದೂವರೆ ಗಂಟೆಯಲ್ಲಿ ಆದೇಶ ಕೊಡುವ ಮುನ್ನ ಪಾಳಿಯ ಕೊನೆಯ ಗಾಡಿ ಯಾವುದು, ಅದು ಗೇಟ್ ಹಿಡಿಯುತ್ತದೆಯೇ ಎಂದು ನೋಡಲೇಬೇಕು. ಹಿಡಿಯದಿದ್ದರೆ ಆ ಬಾಟಾ ಆಫೀಸು ಕೊಡಬೇಕು. ಮುಂದೆ ಹೋದವನ ಬಾಟಾದಿಂದ ಕತ್ತರಿಸಿ ಕೊಡುವ ರೂಢಿ ಕೆಲವು ಕಡೆ ಇದೆ, ಅದು ತಪ್ಪು. ಅವನು ಕೇಳಿಕೊಂಡು ಹೋದವನಲ್ಲ, ಹೇಳಿದ್ದಕ್ಕೆ ಹೋದವನು.

ಪಕ್ಕಕ್ಕೆ ನಿಲ್ಲಿಸಿದವನ ಜಾಗ ವಾಪಸ್ ಕೊಡುವ ಮಾತನ್ನೂ ಆದೇಶದ ಜೊತೆಗೇ ಹೇಳಿಬಿಡಿ. 2024ರ ಹಂಗೆರಿ ರೇಸಿನಲ್ಲಿ ಮೆಕ್ಲಾರೆನ್ ತಂಡ ಮುಂದಿದ್ದ ಆಸ್ಕರ್ ಪಿಯಾಸ್ಟ್ರಿಯವರನ್ನು ಬಿಟ್ಟು ಹಿಂದಿದ್ದ ಲ್ಯಾಂಡೊ ನಾರಿಸ್ ಅವರನ್ನು ಮೊದಲು ಪಿಟ್‌ಗೆ ಕರೆಯಿತು, ಆ ಪಿಟ್ ಸರದಿಯಿಂದಲೇ ನಾರಿಸ್ ಮುಂದಾದರು. ಜಾಗ ತಿರುಗಿ ಕೊಡು ಎಂದು ರೇಡಿಯೊದಲ್ಲಿ ಸುತ್ತು ಸುತ್ತು ಬೇಡಿಕೊಳ್ಳಬೇಕಾಯಿತು. 70 ಸುತ್ತಿನ ರೇಸಿನಲ್ಲಿ 68ನೇ ಸುತ್ತಿಗೆ ಕೊಟ್ಟರು. ಕೈಯಲ್ಲಿರುವ ಗೆಲುವನ್ನು ಬಿಡುವುದು ಯಾರಿಗೂ ಸುಲಭವಲ್ಲ. ಯಾರ್ಡಿನಲ್ಲಿ ವಾಪಸ್ ಕೊಡುವ ಸಾಲ ಅದೇ ಶಿಫ್ಟಿನಲ್ಲಿ, ಸಾಧ್ಯವಾದರೆ ಮುಂದಿನ ಸುತ್ತಿನಲ್ಲೇ ತೀರಬೇಕು. ನಾಳೆ ನೋಡೋಣ ಎಂದದ್ದು ತೀರುವುದಿಲ್ಲ.

ಶಿಕ್ಷೆಯ ವಿಷಯ ಇದಕ್ಕಿಂತ ಕಷ್ಟದ್ದು. 2021ರಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಸುತ್ತಿನಲ್ಲೇ ಎದುರಾಳಿ ತಂಡಗಳ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್ಸ್ಟಾಪೆನ್ ಕಾರುಗಳು ತಾಗಿದವು. ವೆರ್ಸ್ಟಾಪೆನ್ ತಡೆಗೋಡೆಗೆ ಹೊಡೆದು ಆಸ್ಪತ್ರೆಗೆ ತಪಾಸಣೆಗೆ ಹೋದರು. ಹ್ಯಾಮಿಲ್ಟನ್‌ಗೆ 10 ಸೆಕೆಂಡ್ ಶಿಕ್ಷೆ, ಅದನ್ನು ಅನುಭವಿಸಿಯೂ ಅವರೇ ಗೆದ್ದರು. ಬಹಳ ಮಂದಿಗೆ ಇದು ಅನ್ಯಾಯ ಎನಿಸಿತು. ಆದರೆ ರೇಸ್ ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, ಅಳೆಯುವುದು ತಪ್ಪನ್ನು, ತಪ್ಪಿನಿಂದ ಆದ ಹಾನಿಯನ್ನಲ್ಲ. ನನ್ನ ಮಟ್ಟಿಗೆ ಇದೇ ಸರಿ, ಯಾರ್ಡಿನಲ್ಲಂತೂ ಇದೊಂದೇ ಸರಿ.

ಮಳೆಗಾಲದಲ್ಲಿ ಟಿಪ್ಪರ್ ಪಲ್ಟಿಯಾಗುವುದನ್ನೇ ತೆಗೆದುಕೊಳ್ಳಿ. ಒದ್ದೆಯಾದ ಫೈನ್ಸ್ (ಅದಿರಿನ ಪುಡಿ) ಬಾಡಿಯ ಮುಂಭಾಗಕ್ಕೆ, ಮೂಲೆಗೆ ಮೆತ್ತಿಕೊಳ್ಳುತ್ತದೆ. ಬಾಡಿ ಪೂರ್ತಿ ಎತ್ತಿದರೂ ಜಾರುವುದಿಲ್ಲ. ಭಾರವೆಲ್ಲ ಮೇಲೆ ನಿಂತಿರುತ್ತದೆ. ಹಿಂದಿನ ಒಂದು ಗಾಲಿ ನಾಲ್ಕು ಬೆರಳು ತಗ್ಗಿನಲ್ಲಿದ್ದರೂ ಗಾಡಿ ಆ ಕಡೆಗೆ ವಾಲುತ್ತದೆ. ಆಗ ಡ್ರೈವರ್ ಬಾಡಿ ಎತ್ತಿದ್ದಂತೆಯೇ ಗಾಡಿಯನ್ನು ಮುಂದಕ್ಕೆ ಜಗ್ಗಿ, ಬ್ರೇಕ್ ಒತ್ತಿ ಕೊಡವಲು ನೋಡುತ್ತಾನೆ. ಹತ್ತು ಸಲ ಮಾಡಿದರೆ ಒಂಬತ್ತು ಸಲ ಮಣ್ಣು ಬೀಳಬಹುದು, ಹತ್ತನೇ ಸಲ ಗಾಡಿಯೇ ಬೀಳುತ್ತದೆ. ಬಿದ್ದವನನ್ನು ಕೆಲಸದಿಂದ ತೆಗೆದು ಒಂಬತ್ತು ಸಲದವರನ್ನು ಕಂಡೂ ಕಾಣದಂತೆ ಬಿಟ್ಟರೆ ಉಳಿದ ಡ್ರೈವರ್‌ಗಳು ಕಲಿಯುವುದು "ಬೀಳಬೇಡ" ಎಂಬುದನ್ನೇ ಹೊರತು "ಕೊಡವಬೇಡ" ಎಂಬುದನ್ನಲ್ಲ. ಸರಿಯಾದ ದಾರಿ ಇದು: ಬಾಡಿ ಇಳಿಸಿ, ಗಾಡಿಯನ್ನು ಸಮ ನೆಲಕ್ಕೆ ತಂದು, ಎಂಜಿನ್ ಆಫ್ ಮಾಡಿಸಿ, ಉದ್ದ ಕೋಲಿನ ಸಲಿಕೆಯಿಂದ ಮೆತ್ತಿದ್ದನ್ನು ಕೆರೆಸುವುದು. ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷಕ್ಕೆ ಪಾಳಿ ಹೋಗುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಡ್ರೈವರ್ ಅದನ್ನು ಮಾಡುತ್ತಾನೆ.

ಸಮಯದ ಶಿಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ರೇಸಿನಲ್ಲಿ 5 ಸೆಕೆಂಡ್, 10 ಸೆಕೆಂಡ್ ಕೊಟ್ಟರೆ ಕಾರು ಪಿಟ್‌ನಲ್ಲಿ ಅಷ್ಟು ಹೊತ್ತು ನಿಲ್ಲುತ್ತದೆ, ಅಲ್ಲಿಯವರೆಗೆ ಯಾರೂ ಕಾರು ಮುಟ್ಟುವಂತಿಲ್ಲ. ಬಿಟ್ಟ ಮೇಲೆ ಅವನು ಓಡಿಸಿ ಸಮಯ ಗಳಿಸಬಹುದು, ಟ್ರ್ಯಾಕ್ ಇರುವುದೇ ಅದಕ್ಕೆ. ಅದನ್ನು ನೋಡಿ ಯಾರ್ಡಿನಲ್ಲಿ ಪಾಳಿ ಮುರಿದವನನ್ನು ಲೋಡ್ ಆದ ಮೇಲೆ ಅರ್ಧ ಗಂಟೆ ನಿಲ್ಲಿಸಿದರೆ ಅವನು ಆ ಅರ್ಧ ಗಂಟೆಯನ್ನು ಇಳಿಜಾರಿನಲ್ಲಿ ಗಳಿಸಲು ನೋಡುತ್ತಾನೆ. ಗೇರ್ ಮೇಲೆ ಇಳಿಯಬೇಕಾದಲ್ಲಿ ಬ್ರೇಕ್ ಮೇಲೆ ಇಳಿಯುತ್ತಾನೆ, ಬ್ರೇಕ್ ಡ್ರಮ್ ಕಾದು ಬಿಸಿಯಾಗುತ್ತದೆ, ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಬ್ರೇಕ್ ಹಿಡಿಯುವುದಿಲ್ಲ. ನಿಲ್ಲಿಸುವುದಿದ್ದರೆ ಖಾಲಿ ಗಾಡಿಯನ್ನು ನಿಲ್ಲಿಸಿ, ಪಾಳಿಯ ಕೊನೆಗೆ ಕಳಿಸಿ, ಆ ದಿನದ ಟ್ರಿಪ್ ಗುರಿಯಲ್ಲಿ ಒಂದನ್ನು ಇಳಿಸಿ.

ಹಣದ ದಂಡಕ್ಕೆ ಕಾನೂನಿನ ಗೆರೆ ಇದೆ. ಒಂದು ವೇತನ ಅವಧಿಯಲ್ಲಿ ಹಾಕುವ ಒಟ್ಟು ದಂಡ ಆ ಅವಧಿಯ ವೇತನದ ಶೇ. 3 ಮೀರುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಮಿತಿಯೂ ಅದೇ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯ ಮಿತಿಯೂ ಅದೇ. ತಿಂಗಳಿಗೆ 18,000 ರೂಪಾಯಿ ವೇತನವಿದ್ದರೆ 540 ರೂಪಾಯಿ, ಅದೂ ಎಲ್ಲ ತಪ್ಪಿಗೂ ಸೇರಿ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಮಂಜೂರಾತಿ ಸಿಕ್ಕು ಅದನ್ನು ಬೋರ್ಡಿನಲ್ಲಿ ಹಾಕಿರಬೇಕು. ಡ್ರೈವರ್‌ನಿಂದ ವಿವರಣೆ ಕೇಳಿರಬೇಕು. ಕಂತಿನಲ್ಲಿ ಕಡಿಯುವಂತಿಲ್ಲ. ಹಾಕಿ 90 ದಿನ ದಾಟಿದ ಮೇಲೆ ವಸೂಲಿ ಮಾಡುವಂತಿಲ್ಲ. ಸ್ಥಳದಲ್ಲೇ "ಸಾವಿರ ರೂಪಾಯಿ ಕಟ್" ಎಂದು ಕೂಗುವ ರೂಢಿ ಕಾನೂನಿಗೆ ಹೊರಗೇ ನಿಲ್ಲುತ್ತದೆ.

ಓವರ್‌ಲೋಡ್‌ನಲ್ಲಿ ಈ ಅನ್ಯಾಯ ಹೆಚ್ಚು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಮೂರು ಟನ್ ಹೆಚ್ಚಾದರೆ 26,000. ಬಕೆಟ್ ತುಂಬಿದವನು ಹಿಟಾಚಿ ಆಪರೇಟರ್, ಇನ್ನೊಂದು ಬಕೆಟ್ ಹಾಕು ಎಂದವನು ಸೂಪರ್‌ವೈಸರ್, ಕಾಟಾ ಚೀಟಿ ನೋಡಿಯೂ ಗೇಟ್ ಬಿಟ್ಟವನು ಮತ್ತೊಬ್ಬ. ಸಂಬಳದಲ್ಲಿ ಕಡಿತ ಮಾತ್ರ ಡ್ರೈವರ್‌ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಕನ್‌ಹೈಮ್‌ನಲ್ಲಿ ದಂಡ ಬಿದ್ದದ್ದು ತಂಡಕ್ಕೆ, ಮಾಸಾಗಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹೇಳಿದವನ ಹೆಸರು ದಂಡದ ರಿಜಿಸ್ಟರ್‌ನ ಮೊದಲ ಕಾಲಂನಲ್ಲಿರಲಿ, ಮಾಡಿದವನದು ಎರಡನೆಯದರಲ್ಲಿ.

ಸಣ್ಣ ತಪ್ಪುಗಳಿಗೆ ಹಣಕ್ಕಿಂತ ತಪ್ಪಿನ ಅಂಕದ ಪದ್ಧತಿ ಒಳ್ಳೆಯದು. ಫಾರ್ಮುಲಾ ಒನ್‌ನಲ್ಲಿ 2014ರಿಂದ ಇದು ಇದೆ: 12 ತಿಂಗಳಲ್ಲಿ 12 ಅಂಕ ಸೇರಿದರೆ ಒಂದು ರೇಸ್ ಇಲ್ಲ. 2024ರಲ್ಲಿ ಕೆವಿನ್ ಮ್ಯಾಗ್ನುಸೆನ್ ಹೀಗೆ ಅಜರ್‌ಬೈಜಾನ್ ರೇಸ್ ಕಳಕೊಂಡರು. ಇದರಲ್ಲಿ ನನಗೆ ಹಿಡಿಸಿದ್ದು ವರ್ಷ ತುಂಬಿದ ಅಂಕ ತಾನಾಗಿ ಅಳಿದುಹೋಗುವುದು. ಬೆಲ್ಟ್ ಹಾಕದಿದ್ದರೆ 1, ತಾಡಪತ್ರಿ ಕಟ್ಟದೆ ಹೊರಟರೆ 2, ಬಾಡಿ ಎತ್ತಿಕೊಂಡು ಗಾಡಿ ಸರಿಸಿದರೆ 4, ಹೀಗೆ ಇಟ್ಟುಕೊಳ್ಳಬಹುದು. ಹನ್ನೆರಡು ಆದವನನ್ನು ಗಾಡಿಯಿಂದ ಇಳಿಸಿ ಮತ್ತೆ ತರಬೇತಿಗೆ ಕಳಿಸಬೇಕು.

ಸಾಕ್ಷಿಯಲ್ಲಿ ಹೆಚ್ಚು ಎಡವುವುದು ಗಡಿಯಾರದಲ್ಲಿ. ಕ್ಯಾಮೆರಾದ ಡಿವಿಆರ್ (ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಒಂದು ಸಮಯ ತೋರಿಸುತ್ತದೆ, ಕಾಟಾ ಕಂಪ್ಯೂಟರ್ ಇನ್ನೊಂದು, ಜಿಪಿಎಸ್ ಮತ್ತೊಂದು. ನಾಲ್ಕು ನಿಮಿಷ ವ್ಯತ್ಯಾಸವಿದ್ದರೆ ಪಾಳಿಯಲ್ಲಿ ನೆಟ್ಟಗೆ ನಿಂತವನೇ ಪಾಳಿ ಮುರಿದವನಂತೆ ಕಾಣುತ್ತಾನೆ. ದಿನಾ ಶಿಫ್ಟ್ ಶುರುವಿನಲ್ಲಿ ಮೊಬೈಲಿನ ಗಡಿಯಾರವನ್ನು ಕ್ಯಾಮೆರಾ ಮುಂದೆ ಹತ್ತು ಸೆಕೆಂಡ್ ಹಿಡಿಯಿರಿ. ಮೊದಲ ಕಾಟಾ ಚೀಟಿಯ ಮೇಲೆ ಮೊಬೈಲಿನ ಸಮಯವನ್ನು ಪೆನ್ನಿನಲ್ಲಿ ಬರೆದಿಡಿ. ಡಿವಿಆರ್‌ನ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ದೂರು ಬಂದ ದಿನವೇ ಆ ತುಣುಕನ್ನು ತೆಗೆದಿಡಬೇಕು, ತಪ್ಪಿಗೆ ಹಿಂದಿನ ಹತ್ತು ನಿಮಿಷವೂ ಸೇರಿರಬೇಕು. ಮೊದಲು ಯಾರು ಯಾರನ್ನು ತಡೆದರು ಎಂಬುದು ಆ ಹತ್ತು ನಿಮಿಷದಲ್ಲೇ ಇರುತ್ತದೆ.

ದೂರು ಕೊಟ್ಟವರು ತೀರ್ಪು ಕೊಡಬಾರದು. 2008ರ ಸಿಂಗಪುರದಲ್ಲಿ ರೆನೊ ತಂಡದ ನೆಲ್ಸನ್ ಪಿಕೆ ಜೂನಿಯರ್ ಬೇಕೆಂದೇ ಗೋಡೆಗೆ ಗುದ್ದಿದರು, ಆಗ ಎಲ್ಲರ ವೇಗ ಇಳಿಸಲು ಟ್ರ್ಯಾಕಿಗೆ ಬಂದ ಸೇಫ್ಟಿ ಕಾರ್‌ನಿಂದ ಅದೇ ತಂಡದ ಅಲೊನ್ಸೊ ಗೆದ್ದರು. ನಿಜ ಹೇಳಿದ ಪಿಕೆಗೆ ಶಿಕ್ಷೆಯಾಗಲಿಲ್ಲ. ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆಯನ್ನು 2009ರ ಸೆಪ್ಟೆಂಬರ್‌ನಲ್ಲಿ ರೇಸಿಂಗ್‌ನಿಂದಲೇ ಹೊರಹಾಕಿದರು. 2010ರ ಜನವರಿಯಲ್ಲಿ ಪ್ಯಾರಿಸ್ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ತನಿಖೆ ನಡೆಸಿದವರೂ ಶಿಕ್ಷೆ ಕೊಟ್ಟವರೂ ಬೇರೆ ಬೇರೆ ಇರಲಿಲ್ಲ, ನಿಯಮದಲ್ಲಿ ಆ ಅಧಿಕಾರವೂ ಇರಲಿಲ್ಲ. ಅಷ್ಟು ದೊಡ್ಡ ತಪ್ಪಿನ ಶಿಕ್ಷೆಯೇ ಕ್ರಮ ತಪ್ಪಿದ್ದಕ್ಕೆ ಬಿದ್ದುಹೋಯಿತು. ಯಾರ್ಡ್ ಸೂಪರ್‌ವೈಸರ್ ದೂರು ಬರೆದರೆ ವಿಚಾರಣೆಯನ್ನು ಇನ್ನೊಂದು ಶಿಫ್ಟಿನವರು ಅಥವಾ ಆಫೀಸಿನವರು ಮಾಡಬೇಕು. ಆರೋಪ ಬರಹದಲ್ಲಿ, ಡ್ರೈವರ್ ಓದಬಲ್ಲ ಭಾಷೆಯಲ್ಲಿ ಇರಬೇಕು. ಜೊತೆಗೆ ಕೂರಲು ಒಬ್ಬ ಸಂಗಾತಿ ಡ್ರೈವರ್‌ಗೆ ಅವಕಾಶ ಕೊಡಬೇಕು.

ವಿಚಾರಣೆಯಲ್ಲಿ ಸುಳ್ಳು ಹೇಳಿದರೆ ಅದು ಬೇರೆಯದೇ ತಪ್ಪು, ಅದನ್ನು ಬೇರೆಯಾಗಿಯೇ ಬರೆಯಬೇಕು. 2009ರ ಮೆಲ್ಬರ್ನ್‌ನಲ್ಲಿ ಹ್ಯಾಮಿಲ್ಟನ್ ಮತ್ತು ತಂಡದವರು ಸ್ಟೀವರ್ಡ್‌ಗಳ ಎದುರು ಹೇಳಿದ್ದಕ್ಕೂ ರೇಡಿಯೊ ರೆಕಾರ್ಡಿಂಗ್‌ಗೂ ತಾಳೆಯಾಗಲಿಲ್ಲ. ಸಿಕ್ಕ ಮೂರನೇ ಸ್ಥಾನ ಹೋಗಿ ಅನರ್ಹರಾದರು. ಅವರ ಮಾತಿನ ಮೇಲೆ ಮೊದಲು ಶಿಕ್ಷೆಗೊಳಗಾಗಿದ್ದ ಎದುರಾಳಿ ಚಾಲಕ ಯಾರ್ನೊ ಟ್ರುಲ್ಲಿಗೆ ಸ್ಥಾನ ತಿರುಗಿ ಸಿಕ್ಕಿತು. ತೀರ್ಪಾದ ಮೇಲೂ ಹೊಸ ಸಾಕ್ಷಿ ಬಂದರೆ ಪುಟ ಮತ್ತೆ ತೆರೆಯಬೇಕು. ಅದಕ್ಕಾಗಿ ರಿಜಿಸ್ಟರ್‌ನ ಕೊನೆಯ ಕಾಲಂ ಖಾಲಿ ಬಿಟ್ಟಿರಬೇಕು. ಕಡಿದ ದಂಡ ವಾಪಸ್ ಕೊಟ್ಟ ದಿನಾಂಕ ಮತ್ತು ಡ್ರೈವರ್ ಸಹಿ ಅದರಲ್ಲಿ ಬರಬೇಕು.