ಅಮ್ಮನ ಹಾಲಿನ ಚೀಟಿಯಲ್ಲಿ ಒಂದು ಸಾಲು

ಈ ಸಲ ಕಾಸರಗೋಡಿನ ಬದಿಯಡ್ಕಕ್ಕೆ ಮನೆಗೆ ಹೋದಾಗ ಅಮ್ಮ ಹಾಲಿನ ಸೊಸೈಟಿಯ ಚೀಟಿ ತಂದು ಕೈಗೆ ಕೊಟ್ರು, "ಇದ್ರಲ್ಲಿ ಎಂತ ಬರ್ದಿದ್ದಾರೆ ಒಮ್ಮೆ ನೋಡು ಮಗಾ" ಅಂತ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಲ್ಲ ಅಂಕೆ ನೋಡಿಯೇ ಅಮ್ಮನಿಗೆ ಗೊತ್ತಾಗ್ತದೆ, ಅದರ ಕೆಳಗೆ ಮಲಯಾಳದಲ್ಲಿ ಮೂರು ಸಾಲು ಕಡಿತ ಉಂಟಲ್ಲ, ಅದು ಗೊತ್ತಾಗುದಿಲ್ಲ. ಬೆರಳಿಟ್ಟು ಒಂದೊಂದೇ ಓದಿ ಹೇಳಿದೆ. ಒಂದು ಹಿಂಡಿ ಬಾಕಿ, ಒಂದು ಹಾಲು ರೈತರ ಕ್ಷೇಮನಿಧಿ, ಮತ್ತೊಂದು ಬರೀ "ಫಂಡ್". ಯಾವ ಫಂಡ್ ಅಂತ ಸೊಸೈಟಿಯಲ್ಲಿ ಕೇಳಿದ್ರೆ "ಅದು ಎಲ್ಲರಿಗೂ ಉಂಟು" ಅಂದ್ರು, ಅಷ್ಟೇ.

ಕ್ಷೇಮನಿಧಿಗೆ ನಂದು ತಕರಾರಿಲ್ಲ. ಕೇರಳದಲ್ಲಿ 2007ರ ಕಾನೂನಿಂದ ಬಂದದ್ದು ಅದು, ನಮ್ಮ ದೊಡ್ಡಮ್ಮನಿಗೆ ಅದರದ್ದೇ ಪೆನ್ಶನ್, ತಿಂಗಳ ಮದ್ದಿಗೆ ಆಗ್ತದೆ. ಕೊಟ್ಟದ್ದು ಎಲ್ಲಿಗೆ ಹೋಯ್ತು ಅಂತ ಕಣ್ಣೆದುರು ಕಾಣ್ತದೆ. ಆ ಹೆಸರಿಲ್ಲದ ಫಂಡ್ ಮಾತ್ರ ನನಗೆ ರಾತ್ರಿಯಿಡೀ ತಲೆಯಲ್ಲಿ ಕೊರೀತಾ ಇತ್ತು.

ಅಮ್ಮನ ಹಟ್ಟಿಯಲ್ಲಿ ನಮ್ಮ ಊರಿನ ಕುಳ್ಳ ತಳಿಯ ದನ ಕಾಸರಗೋಡು ಗಿಡ್ಡ ಎರಡು, ಒಂದು ಜೆರ್ಸಿ ಕ್ರಾಸ್. ಗಿಡ್ಡ ಕೊಡುದು ಹೊತ್ತಿಗೆ ಒಂದು ಲೀಟರ್ ಇದ್ರೆ ಹೆಚ್ಚು, ಆದ್ರೆ ಗುಡ್ಡೆಯಲ್ಲಿ ಮೇದು ತಾನಾಗಿ ಹಟ್ಟಿಗೆ ಬರ್ತದೆ, ಮಳೆಗಾಲದಲ್ಲಿ ಜೆರ್ಸಿಗೆ ಕೆಚ್ಚಲು ಬಾವು ಅಂತ ಡಾಕ್ಟ್ರ ಹಿಂದೆ ಓಡುವಾಗ ಇವು ಎರಡೂ ಆರಾಮಾಗಿ ಮೆಲುಕು ಹಾಕ್ತಾ ಮಲಗಿರ್ತವೆ. ಹಾಲು ಕರೆಯುವ ಮಿಶಿನ್, ರಬ್ಬರ್ ಮ್ಯಾಟ್, ದೊಡ್ಡ ಹಟ್ಟಿಗೆ ಸಬ್ಸಿಡಿ, ನಾನು ಕಂಡ ಹಾಗೆ ಯೋಜನೆ ಎಲ್ಲ ಹತ್ತು ದನ ಇರುವವರಿಗೇ ಹೇಳಿ ಮಾಡಿಸಿದ್ದು. ಕಡಿತ ಮಾತ್ರ ಎಲ್ಲರಿಗೂ.

ಬೇರೆ ದೇಶದಲ್ಲಿ ಹೇಗೆ ಅಂತ ಓದ್ತಾ ಕೂತೆ. ಅಮೆರಿಕದಲ್ಲಿ 1986ರಿಂದ ದನ ಮಾರಿದಾಗಲೆಲ್ಲ ತಲೆಗೆ 1 ಡಾಲರ್ ಕೊಡ್ಲೇಬೇಕು, ಹಾಲಿಗೆ ಬೇರೆ, 100 ಪೌಂಡಿಗೆ 15 ಸೆಂಟ್, ಆ ದುಡ್ಡಲ್ಲಿ ದನದ ಮಾಂಸ, ಹಾಲಿನ ಜಾಹೀರಾತು, ಸಂಶೋಧನೆ ಎಲ್ಲ ನಡೀತದೆ. ನಾವು ಬೇರೆ ರೀತಿ ಸಾಕಿದ ದನಕ್ಕೂ ಹೊರದೇಶದಿಂದ ಬಂದ ಮಾಂಸಕ್ಕೂ ಒಂದೇ ಜಾಹೀರಾತು ಯಾಕೆ, ಅದಕ್ಕೆ ನಮ್ಮ ದುಡ್ಡು ಯಾಕೆ ಅಂತ ಕೆಲವರು ಕೋರ್ಟಿಗೆ ಹೋದ್ರು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆ ಜಾಹೀರಾತು ಸರ್ಕಾರವೇ ಆಡುವ ಮಾತು, ಹಾಗಾಗಿ ಕಡಿತ ಸರಿ ಅಂತ ಹೇಳಿ ಮುಗಿಸಿತು. ನನಗೆ ಓದಿ ಬೇಜಾರಾಯ್ತು, ದುಡ್ಡು ರೈತರದ್ದು, ಮಾತು ಸರ್ಕಾರದ್ದು ಅಂದ್ರೆ ಎಂತ ನ್ಯಾಯ ಅದು?

ನ್ಯೂಜಿಲ್ಯಾಂಡಿನ ಕ್ರಮ ನನಗೆ ಹಿಡಿಸಿತು. ಅಲ್ಲಿ 1990ರ ಕಾನೂನು ಪ್ರಕಾರ ಇಂಥ ಲೆವಿ, ಅಂದ್ರೆ ರೈತರಿಂದ ಕಡ್ಡಾಯವಾಗಿ ಹಿಡಿಯುವ ದುಡ್ಡು, ಆರು ವರ್ಷಕ್ಕೆ ಮುಗೀತದೆ, ಮುಂದುವರಿಸ್ಬೇಕಾದ್ರೆ ರೈತರ ಓಟು ಬೇಕು. 2009ರಲ್ಲಿ ಕುರಿ ಸಾಕುವವರು ಉಣ್ಣೆಯ ಲೆವಿ ಬೇಡ ಅಂತ ಓಟು ಹಾಕಿದ್ರು, ನಿಂತೇ ಹೋಯ್ತು. 2014ರಲ್ಲಿ ಮತ್ತೆ ಕೇಳಿದಾಗಲೂ ಬೇಡ ಅಂದ್ರು. ಉಣ್ಣೆಯ ಸಂಶೋಧನೆಗೆ ಅದರಿಂದ ಪೆಟ್ಟು ಬೀಳುದು ನಿಜ, ಆದ್ರೂ ಕೇಳಿದ್ರಲ್ಲ!

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಹಾಲಿನ ತಂಬಿಗೆ ತೊಳೀತಾ ಕೇಳಿದ್ರು, ಆಮೇಲೆ "ಗಿಡ್ಡಕ್ಕೆ ಎಂತಾದ್ರೂ ಮಾಡ್ತೇವೆ ಅಂತ ಕೇಳಿದ್ರೆ ನಾನೇ ಇನ್ನೊಂದು ರೂಪಾಯಿ ಹೆಚ್ಚು ಕೊಡ್ತಿದ್ದೆ" ಅಂದ್ರು.

ಬರುವ ತಿಂಗಳು ಸೊಸೈಟಿಯ ಜನರಲ್ ಬಾಡಿ ಉಂಟು. ಆ ಫಂಡಿನ ಲೆಕ್ಕ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಅಂತ ಒಂದು ಅರ್ಜಿ ಬರ್ದಿದ್ದೇನೆ, ಕೆಳಗೆ ಅಮ್ಮನ ಸೈನ್, ಆಚೆಮನೆ ಅಕ್ಕನ ಸೈನ್ ಆಯ್ತು. ಇನ್ನೂ ನಾಲ್ಕೈದು ಮನೆಗೆ ಹೋಗ್ಲಿಕ್ಕುಂಟು.