ಮಣ್ಣು ಮುಚ್ಚಿದ ಬಾವಿಗಳು

ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಾದ ಈ ಲೆಂಟ್ ಕಾಲದ ಧ್ಯಾನಕ್ಕೆ ನಾನು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 26ನೇ ಅಧ್ಯಾಯ ಹಿಡಿದೆ. ಲೆಂಟ್ ಶುರುವಾಗುವ ಬೂದಿ ಬುಧವಾರ ಬಂತೆಂದರೆ ಪ್ರವಾದಿ ಯೋವೇಲನ “ನಿಮ್ಮ ಬಟ್ಟೆಗಳನ್ನಲ್ಲ, ಹೃದಯಗಳನ್ನು ಹರಿದುಕೊಳ್ಳಿರಿ” ಎಂಬ ಕರೆ, ದಾವೀದನ 51ನೇ ಕೀರ್ತನೆ ನೆನಪಾಗುವುದು ವಾಡಿಕೆ. ಆದರೆ ಎರಡು ವರ್ಷದಿಂದ ನನ್ನ ಪ್ರಾರ್ಥನೆ ಬತ್ತಿಹೋಗಿತ್ತು. ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ. ಒಳಗೆ ತೇವವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಅಬ್ರಹಾಮನ ಮಗ ಇಸಾಕನ ಬಾವಿಗಳ ಸಂಗತಿ ಕಣ್ಣಿಗೆ ಬಿತ್ತು; ಆಮೇಲೆ ಮನಸ್ಸು ಬೇರೆ ಕಡೆ ಹೋಗಲಿಲ್ಲ.

ಅಬ್ರಹಾಮ ಊರು ಬಿಟ್ಟು ಹೊರಟವನು, ಯಾಕೋಬ ರಾತ್ರಿಯಿಡೀ ಹೋರಾಡಿದವನು. ನಡುವಿನ ಇಸಾಕನ ಬಗ್ಗೆ ಪ್ರಸಂಗಗಳಲ್ಲಿ ನಾವು ಕೇಳುವುದು ಕಡಿಮೆ. ಅವನು ದೊಡ್ಡವನಾದ ಮೇಲೆ ಮಾಡಿದ ದೊಡ್ಡ ಕೆಲಸವೆಂದರೆ ಬಾವಿ ತೋಡಿಸಿದ್ದು. ಅದರಲ್ಲೂ ಮೊದಲು ತೋಡಿಸಿದವು ಹೊಸವಲ್ಲ. ಅವನ ತಂದೆಯ ಕಾಲದಲ್ಲಿ ಅಗೆದಿದ್ದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಆ ಸೀಮೆಯ ಬೇರ್ಷೆಬದ ಸುತ್ತ ಇಂದಿಗೂ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಾದರೆ ಹೆಚ್ಚು. ಅಲ್ಲಿನ ಹಳೆಯ ದಿಬ್ಬದಲ್ಲಿ ಪುರಾತತ್ವಜ್ಞರು ಬಗೆದು ತೆಗೆದ ಒಂದು ಬಾವಿ ಸುಮಾರು 70 ಮೀಟರ್ ಆಳವಿದೆ. ಅಂಥ ಸೀಮೆಯಲ್ಲಿ ಬಾವಿಗೆ ಮಣ್ಣು ಸುರಿಯುವುದೆಂದರೆ ಸುರಿದವನಿಗೂ ನೀರಿಲ್ಲ. ಹೊಟ್ಟೆಕಿಚ್ಚು ಅಷ್ಟು ದೂರ ಹೋಗುತ್ತದೆ.

ಇಸಾಕ ಆ ಮಣ್ಣನ್ನು ತೆಗೆಸಿದ. ನನ್ನನ್ನು ಹಿಡಿದು ನಿಲ್ಲಿಸಿದ್ದು 18ನೇ ವಚನದ ಕೊನೆಯ ಮಾತು: ತಂದೆ ಇಟ್ಟಿದ್ದ ಹೆಸರುಗಳನ್ನೇ ಅವನು ಆ ಬಾವಿಗಳಿಗೆ ಮತ್ತೆ ಇಟ್ಟ. ತೋಡಿಸಿದ ಖರ್ಚು ಅವನದು, ಬೆವರು ಅವನ ಆಳುಗಳದು. ತನ್ನ ಹೆಸರು ಇಡಬಹುದಿತ್ತು, ಇಡಲಿಲ್ಲ.

ಬಾವಿಯ ಹೂಳು ತೆಗೆಸಿದವರಿಗೆ ಗೊತ್ತು, ಕೆಳಗೆ ಏನೇನು ಸಿಗುತ್ತದೆಂದು. ಹರಿದ ಹಗ್ಗ, ತೂತುಬಿದ್ದ ಕೊಡ, ಪಾತಾಳಗರಡಿಗೂ ಸಿಗದೆ ಉಳಿದ ತಂಬಿಗೆ, ವರ್ಷಗಟ್ಟಲೆ ಕೊಳೆತ ಎಲೆ. ಮೊದಲು ಮೇಲೆ ಬರುವುದು ರಾಡಿ. ಆದರೆ ಸೆಲೆಯನ್ನು ಯಾರೂ ಹೊರಗಿನಿಂದ ತಂದು ಹಾಕುವುದಿಲ್ಲ. ಅದು ಮಣ್ಣಿನಡಿ ಮೊದಲಿನಿಂದಲೂ ಇದ್ದದ್ದು. ಮೂರನೆಯ ಶತಮಾನದಲ್ಲಿ ಕೈಸರೈಯದಲ್ಲಿ ಬೋಧಿಸುತ್ತಿದ್ದ ಒರಿಗೆನ್ ಎಂಬ ಸಭಾಬೋಧಕರು ಈ ಕಥೆಯನ್ನು ಹೀಗೇ ಓದಿದ್ದರು: ನಮ್ಮೆಲ್ಲರ ಆತ್ಮದಲ್ಲೂ ಜೀವಜಲದ ಬಾವಿಯಿದೆ, ಅದಕ್ಕೆ ಮಣ್ಣು ಬಿದ್ದಿದೆ.

51ನೇ ಕೀರ್ತನೆಯಲ್ಲಿ “ನೂತನಪಡಿಸು” ಎಂದು ದಾವೀದ ಬೇಡುವ ಮಾತಿಗೂ ಹೀಬ್ರೂ ಭಾಷೆಯಲ್ಲಿ ತಿಂಗಳಿಗೆ ಹೇಳುವ ‘ಹೋದೆಶ್’ ಎಂಬ ಮಾತಿಗೂ ಮೂಲ ಒಂದೇ. ಅಮಾವಾಸ್ಯೆ ಕಳೆದು ಕಾಣುವ ಎಳೆಚಂದ್ರನಿಂದ ಯೆಹೂದ್ಯರಿಗೆ ತಿಂಗಳು ಶುರು. ನಮಗೂ ಬಿದಿಗೆ ಚಂದ್ರ ಹೊಸದಲ್ಲವೇ? ಆದರೂ ಅದು ಹಳೆಯ ಚಂದ್ರನೇ. ಈ ಸಣ್ಣ ಸಂಗತಿ ತಿಳಿದ ದಿನ ನನಗೆ ಬಹಳ ಸಮಾಧಾನವಾಯಿತು. ದೇವರು ನನ್ನನ್ನು ಬೇರೆ ಯಾರನ್ನೋ ಆಗು ಎಂದು ಕೇಳುತ್ತಿಲ್ಲ.

ಹಳೆಯ ಬಾವಿಗಳಾದ ಮೇಲೆ ಇಸಾಕನ ಆಳುಗಳು ಗೆರಾರಿನ ತಗ್ಗಿನಲ್ಲಿ ಅಗೆದು ಉಕ್ಕುವ ನೀರನ್ನು ಕಂಡರು. ಹೀಬ್ರೂವಿನಲ್ಲಿ ಅದು ಅಕ್ಷರಶಃ ‘ಜೀವಂತ ನೀರು’. ಅಲ್ಲಿನ ಕುರುಬರು “ಈ ನೀರು ನಮ್ಮದು” ಎಂದು ಜಗಳಕ್ಕೆ ನಿಂತರು. ಇಸಾಕ ಆ ಬಾವಿಗೆ ಏಸೆಕ್, ಅಂದರೆ ಜಗಳ ಎಂದು ಹೆಸರಿಟ್ಟು ಮುಂದೆ ಹೋದ. ಇನ್ನೊಂದು ತೋಡಿದರೆ ಅದಕ್ಕೂ ತಗಾದೆ. ಅದು ಸಿಟ್ನಾ, ಹಗೆ. ಅದನ್ನೂ ಬಿಟ್ಟ. ಮೂರನೆಯದಕ್ಕೆ ಯಾರೂ ಬರಲಿಲ್ಲ. ರೆಹೋಬೋತ್ ಎಂದ, ವಿಶಾಲವಾದ ಜಾಗ.

ಇಲ್ಲಿಗೆ ಬಂದಾಗ ನಾನು ಬೈಬಲ್ ಮುಚ್ಚಿಟ್ಟೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಪಾಲಿನ ವಿಷಯಕ್ಕೆ ನನಗೂ ತಮ್ಮನಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ನ್ಯಾಯ ನನ್ನ ಕಡೆಗಿದೆ ಎಂದು ಈಗಲೂ ನಂಬಿದ್ದೇನೆ. ಇಸಾಕನ ಕಡೆಗೂ ನ್ಯಾಯವಿತ್ತು. ನಾನು ಏಸೆಕ್ ಬಾವಿಯ ಕಟ್ಟೆಯ ಮೇಲೇ ಕೂತುಬಿಟ್ಟಿದ್ದೆ, ಒಂದು ಕೊಡ ನೀರೂ ಸೇದದೆ.

ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ್ದೂ ಬಾವಿಯ ಬಳಿಯೇ. ಇಸಾಕನ ಮಗ ಯಾಕೋಬನದು ಎನ್ನುವ ಆ ಬಾವಿ ಇಂದಿಗೂ ಪ್ಯಾಲೆಸ್ಟೀನಿನ ನಾಬ್ಲುಸ್ ಹತ್ತಿರ ಒಂದು ಕ್ರೈಸ್ತ ದೇವಾಲಯದ ನೆಲಮಾಳಿಗೆಯಲ್ಲಿದೆ. “ಸೇದಲು ನಿನಗೆ ಏನೂ ಇಲ್ಲ, ಬಾವಿ ಆಳವಾಗಿದೆ” ಎಂದು ಆಕೆ ಹೇಳಿದಳು. ಕರ್ತನು ಅವಳಿಗೆ ಜೀವಜಲವನ್ನು ಕೊಡುವೆನೆಂದ, ಅದು ಅವಳೊಳಗೇ ಒರತೆಯಾಗಿ ಉಕ್ಕುವುದೆಂದ. ಅದನ್ನು ಕೊಡುವ ಮೊದಲು ಅವಳ ಬದುಕಿನ ಮಣ್ಣನ್ನೂ ಮೆಲ್ಲಗೆ ಎತ್ತಿದ: “ನಿನ್ನ ಗಂಡನನ್ನು ಕರೆದುಕೊಂಡು ಬಾ.” ಆ ಮಾತು ನೋಯಿಸಿರಲೇಬೇಕು. ಆದರೂ ಆಕೆ ಎದ್ದು ಹೋಗಲಿಲ್ಲ. ಆಮೇಲೆ ಊರೊಳಗೆ ಓಡಿದಾಗ ಕೊಡವನ್ನು ಅಲ್ಲೇ ಬಿಟ್ಟಿದ್ದಳು.

ಯೆರೂಸಲೇಮ್ ದೇವಾಲಯ ಹಾಳಾದ ದಿನವನ್ನು ನೆನೆದು ಯೆಹೂದ್ಯರು ವರ್ಷಕ್ಕೊಮ್ಮೆ ಉಪವಾಸವಿದ್ದು ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ. ಅದರ ಕೊನೆಯ ವಚನ ಬಹಳ ಕಹಿ: ನಮ್ಮನ್ನು ತೀರಾ ತಳ್ಳಿಬಿಟ್ಟೆಯಾ ಎಂಬ ಅಳಲು. ಅಲ್ಲಿಗೆ ಓದು ನಿಲ್ಲಬಾರದೆಂದು ಅದರ ಹಿಂದಿನ ವಚನವನ್ನು ಇನ್ನೊಮ್ಮೆ ಹೇಳುತ್ತಾರೆ: ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ, ನಾವು ತಿರುಗುವೆವು, ಪೂರ್ವಕಾಲದಲ್ಲಿದ್ದಂತೆ ನಮ್ಮ ದಿನಗಳನ್ನು ನೂತನಪಡಿಸು.

ನಾನೂ ಈ ಲೆಂಟ್‌ನಲ್ಲಿ ದಿನಾ ಅದನ್ನೇ ಹೇಳುತ್ತಾ ಬಂದೆ. ನಾಲ್ಕನೆಯ ಶುಕ್ರವಾರ ಉಪವಾಸ ಪ್ರಾರ್ಥನೆ ಮುಗಿಸಿ ಬಂದು ತಮ್ಮನಿಗೆ ಫೋನ್ ಮಾಡಿದೆ. ಪಾಲಿನ ಮಾತು ಎತ್ತಲಿಲ್ಲ. ರಾತ್ರಿ ಊಟವಾದ ಮೇಲೆ ಅಪ್ಪ ಚಾಪೆ ಹಾಸಿ ನಮ್ಮಿಬ್ಬರಿಂದಲೂ ಹೇಳಿಸುತ್ತಿದ್ದ ಕೀರ್ತನೆ ಯಾವುದಪ್ಪಾ, ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ನೂರ ಇಪ್ಪತ್ತೊಂದು ಅಣ್ಣಾ,” ಎಂದು ತಾನೇ ಶುರುಮಾಡಿದ, ಪರ್ವತಗಳ ಕಡೆಗೆ ಕಣ್ಣೆತ್ತುವ ಆ ಮೊದಲ ಸಾಲನ್ನು. ನಾನೂ ದನಿಗೂಡಿಸಿದೆ. ನಾಲ್ಕನೇ ವಚನಕ್ಕೆ ಬಂದಾಗ ಇಬ್ಬರೂ ತಡವರಿಸಿದೆವು. ಬೈಬಲ್ ತೆಗೆದು ಅಲ್ಲಿಂದ ಮುಂದಕ್ಕೆ ನೋಡಿಕೊಂಡು ಹೇಳಿದೆವು.